ಗಾಡಿ ಹತ್ತಿದ ಅಂತವ್ರೆ, ಇಳಿದ ಅಂತ ಇಲ್ವಲ್ಲ!

(ಮಂಡ್ಯದಲ್ಲಿ ಓದುಗ ಗೆಳೆಯರು ಸೇರಿದ್ದ ಒಂದು ಭಾನುವಾರದ ಸಂಜೆ ಆಡಿದ ಮಾತುಗಳಿವು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ ಹುಡುಗಿಯೊಬ್ಬಳು ಟೈಪ್ ಮಾಡಿ ಕಳಿಸಿದ್ದನ್ನು ಕೂತು ತಿದ್ದಿದ್ದೇನೆ. ಮೈಕ್ ಕೈಕೊಟ್ಟಾಗ ಹೇಳಿದ್ದನ್ನು ನೆನಪಿನಿಂದ ಸೇರಿಸಿದ್ದೇನೆ. ಹಾಗೆ ಸೇರಿಸುವಾಗ ಅಲ್ಲಿ ಹೇಳದೇ ನುಂಗಿಕೊಂಡಿದ್ದ ಒಂದೆರಡು ಮಾತೂ ಬಂದುಬಿಟ್ಟಿವೆ.)

ಎಲ್ಲರಿಗೂ ನಮಸ್ಕಾರ.

ಕರೆಯಲು ಬಂದವರು "ಮನಸ್ಸನ್ನು ಗೊಂದಲಕ್ಕೆ ಕೆಡವುವ ಕಾದಂಬರಿಗಳ ಬಗ್ಗೆ ಮಾತಾಡಿ" ಅಂದರು. ವಿಷಯ ಕೇಳಿದರೆ ಎಂ.ಎ. ಓದಿದವರು ಮಾತಾಡಬೇಕಾದ್ದು ಅನ್ನಿಸುತ್ತದೆ. ನಾನು ಬಿ.ಕಾಂ. ಎರಡನೇ ವರ್ಷದಲ್ಲಿ ಮದುವೆಯಾಗಿ ಈ ಊರಿಗೆ ಬಂದವಳು, ಪರೀಕ್ಷೆಯನ್ನೇ ಕಟ್ಟಲಿಲ್ಲ. ನನ್ನ ಅರ್ಹತೆ ಅಂತ ಏನಾದರೂ ಇದ್ದರೆ ಒಂದೇ. 1983ರಿಂದ 2004ರವರೆಗೆ ಪೇಟೆ ಬೀದಿಯ ಹಿಂದಿನ ಒಂದು ಅಡ್ಡರಸ್ತೆಯಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ ನಡೆಸಿದೆ. ಹತ್ತು ರೂಪಾಯಿ ಡಿಪಾಸಿಟ್, ದಿನಕ್ಕೆ ನಾಲ್ಕಾಣೆ. ಬೈಂಡಿಂಗನ್ನೂ ನಾನೇ ಮಾಡುತ್ತಿದ್ದೆ. ಮೈದಾ ಅಂಟಿಗೆ ಚೂರು ಮೈಲುತುತ್ತ ಹಾಕಿ ಕುದಿಸಿದರೆ ಹುಳ ಬರಲ್ಲ. ಇವತ್ತಿಗೂ ಹಳೇ ಪುಸ್ತಕದ ಬೆನ್ನು ಮೂಸಿದರೆ ಆ ವಾಸನೆ ಹಿಡಿಯಬಲ್ಲೆ.

ಮೊದಲು ಒಬ್ಬ ಗೌಡರ ಕತೆ ಹೇಳುತ್ತೇನೆ. ಹನಕೆರೆ ಕಡೆಯಿಂದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆದುಕೊಂಡು ಬರುತ್ತಿದ್ದರು. ಕಬ್ಬು ಅರೆಯುವ ಕಾಲದಲ್ಲಿ ಗಾಡಿಗಳ ಸಾಲು ಹೇಗಿರುತ್ತಿತ್ತು ಅಂತ ನಿಮಗೆಲ್ಲ ಗೊತ್ತು. ಪಾಳಿ ಬರಲು ಒಂದು ಹಗಲು, ಕೆಲವು ಸಲ ಒಂದು ರಾತ್ರಿ. ಎತ್ತು ಬಿಚ್ಚಿ, ಗಾಡಿ ಕೆಳಗೆ ಗೋಣಿ ಹಾಸಿಕೊಂಡು ಅವರು ಪತ್ತೇದಾರಿ ಕಾದಂಬರಿ ಓದುವರು. ವಾರಕ್ಕೆ ಮೂರು ಒಯ್ಯುವರು. ಒಂದು ಸಲ ಪತ್ತೇದಾರಿ ಎಲ್ಲ ಖಾಲಿ. ಕೈಗೆ ಸಿಕ್ಕಿದ್ದು ಅನಂತಮೂರ್ತಿಯವರ 'ಸಂಸ್ಕಾರ'. ತಿಥಿ-ಗಿಥಿ ವಿಚಾರ ಇರಬೇಕು, ಇರಲಿ ಕೊಡಿ ಅಂತ ಒಯ್ದರು. ಎರಡನೇ ದಿನಕ್ಕೇ ವಾಪಸು ಬಂದರು. ಮುಖ ಕೆಂಪಗೆ.

"ಅಕ್ಕಾ, ದುಡ್ಡು ವಾಪಸ್ ಕೊಡಿ. ಕೊನೆ ಹಾಳೆ ಯಾವನೋ ಕಿತ್ಕೊಂಡವ್ನೆ."

ನಾನು ತಿರುವಿ ನೋಡಿದೆ. ಪುಟಸಂಖ್ಯೆ ಸರಿಯಾಗಿತ್ತು, ಹಿಂದಿನ ರಟ್ಟಿನವರೆಗೂ ಹಾಳೆ ಇತ್ತು. "ಪೂರ್ತಿ ಇದೆ ಗೌಡ್ರೆ. ಇಷ್ಟೇ ಇರೋದು" ಅಂದೆ.

"ಇಷ್ಟೇಯಾ? ಗಾಡಿ ಹತ್ತಿದ ಅಂತವ್ರೆ, ಇಳಿದ ಅಂತ ಇಲ್ವಲ್ಲ! ಊರ್ಗೋದ್ನ? ಎಲ್ರ ಮುಂದ ಹೇಳ್ಬುಟ್ನ?"

"ಗೊತ್ತಿಲ್ಲ ಗೌಡ್ರೆ."

"ನಿಮ್ಗೊತ್ತಿಲ್ಲ ಸರಿ. ಬರ್ದೋರ್ಗಾದ್ರೂ ಗೊತ್ತಾ?"

ನಗಬೇಡಿ. ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸಾಯುತ್ತಾನೆ, ಅವನ ಸಂಸ್ಕಾರ ಯಾರು ಮಾಡಬೇಕು ಅಂತ ಹೇಳಬೇಕಾದ ಪಂಡಿತ ಪ್ರಾಣೇಶಾಚಾರ್ಯರು ಅವನ ಜೊತೆಗಿದ್ದ ಚಂದ್ರಿಯನ್ನೇ ಕೂಡಿಬಿಡುತ್ತಾರೆ. ಕೊನೆಗೆ ಆಚಾರ್ಯರು ಗಾಡಿ ಹತ್ತಿ ದೂರ್ವಾಸಪುರದ ಕಡೆಗೆ ಹೊರಟಲ್ಲಿಗೆ ಕಾದಂಬರಿ ನಿಂತುಬಿಡುತ್ತದೆ. ಆಮೇಲೆ ಏನಾಯಿತು ಅಂತ ಎಷ್ಟೋ ಜನ ಕೇಳಿದ್ದಾರೆ. ಆದರೆ ಬದುಕಿಡೀ ಗಾಡಿ ಹೊಡೆದ ಮನುಷ್ಯ ಕೇಳಿದಷ್ಟು ಸರಿಯಾಗಿ ಯಾರೂ ಕೇಳಿಲ್ಲ ಅಂತ ನನ್ನ ಅಭಿಪ್ರಾಯ. ಹತ್ತಿದವನು ಇಳಿಯಬೇಕು. ಅವರು ಅಂದು ಜಗಲಿ ಮೇಲೆ ಕೂತು ಅರ್ಧ ಗಂಟೆ ನನ್ನ ಜೊತೆ ಜಗಳ ಆಡಿದರು. ಆಚಾರ್ರು ಮಾಡಿದ್ದು ತಪ್ಪು ಅಂದರು. ಚಂದ್ರಿ ಅಷ್ಟು ಒಳ್ಳೆ ಹೆಣ್ಣು, ತಪ್ಪು ಹೇಗಾಯ್ತದೆ ಅಂತ ತಾವೇ ಕೇಳಿಕೊಂಡರು. ಸತ್ತವನೇ ಎಲ್ಲರಿಗಿಂತ ವಾಸಿ ಅಂದರು. ಹಾಗಂದದ್ದಕ್ಕೆ ತಮ್ಮ ಮೇಲೆ ತಾವೇ ಸಿಟ್ಟಾದರು. ಕೊನೆಗೆ ಎಂಟಾಣೆ ಇಸ್ಕೊಂಡೇ ಹೋದರು. ಇಪ್ಪತ್ತೊಂದು ವರ್ಷದಲ್ಲಿ "ಚೆನ್ನಾಗಿತ್ತು" ಅಂತ ವಾಪಸು ಕೊಟ್ಟ ಪುಸ್ತಕದ ಬಗ್ಗೆ ನನ್ನ ಹತ್ತಿರ ಯಾರೂ ಅರ್ಧ ಗಂಟೆ ಮಾತಾಡಿದ್ದಿಲ್ಲ.

ಅವರು ಹೋದ ಮೇಲೆ ನಾನೂ ಮತ್ತೆ ಓದಿದೆ. ಮೊದಲ ಸಲ ಓದಿದಾಗ ನನಗಾದದ್ದನ್ನು ಯಾರಿಗೂ ಹೇಳಿರಲಿಲ್ಲ, ನಾಚಿಕೆಯಾಗಿ. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಸಂಸ್ಕಾರ ಆಗುವವರೆಗೆ ಯಾರೂ ಉಣ್ಣುವಂತಿಲ್ಲ. ಆ ಪುಟಗಳನ್ನು ನಾನು ಓದಿದ್ದು ಮಧ್ಯಾಹ್ನ ಊಟ ಮಾಡಿ ಕಾಲು ಚಾಚಿಕೊಂಡು. ಇಲಿ ಸಾಯುತ್ತಿವೆ, ನಾತ ಹಬ್ಬುತ್ತಿದೆ, ಓದುತ್ತ ಓದುತ್ತ ನನಗೆ ಹಸಿವಾಗತೊಡಗಿತು. ಎದ್ದು ಹೋಗಿ ಡಬ್ಬಿ ತೆಗೆದು ಒಂದು ಹಿಡಿ ಹುರಿಗಡಲೆ ಬಾಯಿಗೆ ಹಾಕಿಕೊಂಡೆ. ಹಾಕಿಕೊಂಡ ಮೇಲೆ ಹೇಸಿಗೆಯಾಯಿತು. ಹಸಿವು ಯಾರದ್ದು? ಹೇಸಿಗೆ ಯಾರದ್ದು? ನನಗೆ ಗೊತ್ತಾಗಲಿಲ್ಲ. ನಾನು ಹೇಳಹೊರಟಿರುವ ಗೊಂದಲ ಇಂಥದ್ದು. ಕತೆ ಅರ್ಥವಾಗದೇ ಇರುವುದು ಬೇರೆ. ಕತೆ ಪೂರ್ತಿ ಅರ್ಥವಾಗಿದೆ, ನನಗೆ ಏನಾಗುತ್ತಿದೆ ಅನ್ನುವುದು ಮಾತ್ರ ಅರ್ಥವಾಗುತ್ತಿಲ್ಲ.

ಲೈಬ್ರರಿ ನಡೆಸುವವಳಿಗೆ ಇದರಿಂದ ವ್ಯಾಪಾರದ ತೊಂದರೆಯೂ ಇತ್ತು. ಬಂದವರು ಕೇಳುವುದು ಎರಡೇ ಪ್ರಶ್ನೆ. ಒಂದು, "ಚೆನ್ನಾಗಿದೆಯಾ?" ಇನ್ನೊಂದು, "ಅಳು ಬರತ್ತಾ?" ಅಳು ಬೇಕು ಅಂತಲೇ ಬರುವವರಿದ್ದರು. "ಈ ವಾರ ಮನೆಯವರು ಟೂರ್ ಹೋಗಿದಾರೆ ಕಣ್ರಿ, ಒಂದೆರಡು ಅಳೋದು ಕೊಡಿ" ಅನ್ನುವರು. ನಗೋದು ಬೇರೆ ಅರೆಯಲ್ಲಿತ್ತು, ಪತ್ತೇದಾರಿ ಬೇರೆ. ಕೆಲವು ಪುಸ್ತಕಗಳನ್ನು ಮಾತ್ರ ಯಾವ ಅರೆಯಲ್ಲಿಡಬೇಕೋ ತಿಳಿಯದೆ ನನ್ನ ಮೇಜಿನ ಕೆಳಗೆ ಇಟ್ಟುಕೊಂಡಿದ್ದೆ. ಯಾರಿಗೆ ಕೊಡಬೇಕು ಅಂತ ಮುಖ ನೋಡಿ ತೀರ್ಮಾನ ಮಾಡುತ್ತಿದ್ದೆ. ನಮ್ಮ ಯಜಮಾನರು ಅದನ್ನು "ನಿನ್ನ ಕಳ್ಳಮಾಲು" ಅಂತ ಹಾಸ್ಯ ಮಾಡುತ್ತಿದ್ದರು.

ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬರುತ್ತಿದ್ದರು. ಅವರಿಗೆ ಹುರಿಗಡಲೆ ವಿಷಯ ಹೇಳಿದೆ. ಅವರು ನಗಲಿಲ್ಲ. ಮರುದಿನ ಕನ್ನಡದ ವಿದ್ವಾಂಸರು ತೀನಂಶ್ರೀಯವರ 'ಭಾರತೀಯ ಕಾವ್ಯಮೀಮಾಂಸೆ' ತಂದುಕೊಟ್ಟು ಓದಿ ಅಂದರು. 1953ರ ಪುಸ್ತಕ. ಅರ್ಧ ಅರ್ಥವಾಯಿತು, ಅರ್ಧ ಅವರೇ ಹೇಳಿಕೊಟ್ಟರು. ನಮ್ಮ ಅಲಂಕಾರ ಶಾಸ್ತ್ರದವರು ಒಂದು ಭಾವ ಹುಟ್ಟುವುದಕ್ಕೆ ಭಾವೋದಯ ಅಂತಾರೆ, ಅಡಗುವುದಕ್ಕೆ ಭಾವಶಾಂತಿ, ಎರಡು ಭಾವ ಕೂಡುವುದಕ್ಕೆ ಭಾವಸಂಧಿ. ಮತ್ತೆ ಒಂದರ ಮೇಲೊಂದು ನುಗ್ಗಿ, ಹಿಂದಿನದನ್ನು ಮುಂದಿನದು ತುಳಿದುಕೊಂಡು ಬರುವುದಕ್ಕೆ ಭಾವಶಬಲತೆ. ಶಬಲ ಅಂದರೆ ಬಣ್ಣ ಬಣ್ಣದ್ದು, ಮಚ್ಚೆ ಮಚ್ಚೆಯದು. ರಾಮಾಯಣದಲ್ಲಿ ವಸಿಷ್ಠರ ಹಸುವಿನ ಹೆಸರು ಶಬಲೆ. ನಮ್ಮ ಕಡೆ ಮಾತಲ್ಲಿ ಹೇಳುವುದಾದರೆ ಮಚ್ಚೆ ಹಸು. ಎಲ್ಲಿ ಬಿಳಿ ಮುಗಿದು ಕಪ್ಪು ಶುರುವಾಯಿತು ಅಂತ ದೂರದಿಂದ ಗೊತ್ತಾಗುತ್ತದೆ, ಹತ್ತಿರ ಹೋಗಿ ಮೈದಡವಿದರೆ ಕೂದಲೆಲ್ಲ ಕಲೆತುಹೋಗಿರುತ್ತದೆ.

ಆ ಶಾಸ್ತ್ರದ ಹಳೇ ಸಂಸ್ಕೃತ ಪಂಡಿತ ಮಮ್ಮಟ ಇದಕ್ಕೆ ಕೊಡುವ ಉದಾಹರಣೆಯ ಶ್ಲೋಕವನ್ನು ಮೇಷ್ಟ್ರು ಬಿಡಿಸಿ ಹೇಳಿದ್ದು ಇನ್ನೂ ನೆನಪಿದೆ. ಚಂದ್ರವಂಶದ ರಾಜನೊಬ್ಬ ಮನಸ್ಸಿನಲ್ಲೇ ಆಡಿಕೊಳ್ಳುವ ಮಾತು. ಇಂಥ ಕೆಟ್ಟ ಕೆಲಸವೆಲ್ಲಿ, ಚಂದ್ರನ ಕುಲವೆಲ್ಲಿ? ಅವಳು ಇನ್ನೊಂದು ಸಲ ಕಣ್ಣಿಗೆ ಬೀಳಬಾರದೇ? ನಾನು ಓದಿಕೊಂಡದ್ದು ದೋಷ ಅಡಗಿಸುವುದಕ್ಕಲ್ಲವೇ? ಅಬ್ಬಾ, ಸಿಟ್ಟಿನಲ್ಲೂ ಆ ಮುಖ ಎಷ್ಟು ಚೆನ್ನ! ತಿಳಿದವರು ಏನಂದಾರು? ಕನಸಿನಲ್ಲೂ ಸಿಗುವವಳಲ್ಲ. ಮನಸೇ, ನೆಟ್ಟಗಿರು. ಯಾವ ಪುಣ್ಯವಂತ ಅವಳ ತುಟಿ ಸವಿಯುತ್ತಾನೋ! ನಾಲ್ಕು ಸಾಲಿನಲ್ಲಿ ಎಂಟು ಸಲ ಮನಸ್ಸು ಹೊರಳುತ್ತದೆ. ಓದಿದಾಗ ನನಗೆ ಅನ್ನಿಸಿದ್ದು ಒಂದೇ: ಇದು ನಮ್ಮ ಗೌಡರು ಜಗಲಿ ಮೇಲೆ ಮಾತಾಡಿದ ಹಾಗೇ ಇದೆಯಲ್ಲ!

ಆದರೆ ಒಂದು ವ್ಯತ್ಯಾಸ ಇದೆ, ಮೇಷ್ಟ್ರ ಹತ್ತಿರ ಅದನ್ನು ವಾದ ಮಾಡಿದೆ, ಅವರು ಪೂರ್ತಿ ಒಪ್ಪಲಿಲ್ಲ. ಶ್ಲೋಕದಲ್ಲಿ ಗೊಂದಲ ರಾಜನದು. ನಾವು ಅದನ್ನು ಸವಿಯುವವರು. ಅವನ ಒದ್ದಾಟ ನಮಗೆ ಸ್ಪಷ್ಟವಾಗಿ ಕಾಣುತ್ತದೆ. ನನ್ನ ಮೇಜಿನ ಕೆಳಗಿನ ಕಾದಂಬರಿಗಳಲ್ಲಿ ಹಾಗಲ್ಲ. ಪಾತ್ರ ಆರಾಮಾಗಿರುತ್ತದೆ, ಮಾತೂ ನೆಟ್ಟಗಿರುತ್ತದೆ, ಒದ್ದಾಡುವವಳು ನಾನು. ಯಾಕೆ ಅಂತ ಯೋಚನೆ ಮಾಡಿದರೆ ನನಗೆ ಸಿಗುವ ಉತ್ತರ ಇದು: ನಾನು ಯಾರ ಕಡೆ ಕೂತಿದ್ದೇನೆ ಅಂತ ಅಂದುಕೊಂಡಿದ್ದೆನೋ ಅವರ ಕಡೆ ಕೂತಿರುವುದಿಲ್ಲ. ಯಾವಾಗಲೋ ಜಾಗ ಬದಲಾಗಿರುತ್ತದೆ. ಬದಲಾಯಿಸಿದ್ದು ಲೇಖಕರೋ ನಾನೋ ಗೊತ್ತಿರುವುದಿಲ್ಲ.

ತ್ರಿವೇಣಿಯವರನ್ನು ತೆಗೆದುಕೊಳ್ಳಿ. ಅವರನ್ನು ನಮ್ಮ ಕಡೆಯವರು ಅಂತಲೇ ಅಂದುಕೊಂಡವಳು ನಾನು. ಮನಶ್ಶಾಸ್ತ್ರ ಓದಿದವರು, ಮೈಸೂರಿನ ಚಾಮರಾಜಪುರಂನಲ್ಲಿದ್ದವರು. ಆ ಮನೆಯನ್ನು ಈಗ ಅವರ ನೆನಪಿಗೆ ವಸ್ತುಸಂಗ್ರಹಾಲಯ ಮಾಡಿದ್ದಾರೆ, ಹೋಗಿಲ್ಲದಿದ್ದರೆ ಹೋಗಿ ಬನ್ನಿ. 1963ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದು ತುಂಬಿರಲಿಲ್ಲ, ಮಗು ಹುಟ್ಟಿ ಕೆಲವೇ ದಿನವಾಗಿತ್ತು. 'ಶರಪಂಜರ' ನನ್ನ ಲೈಬ್ರರಿಯಲ್ಲಿ 'ಅಳೋದು' ಅರೆಯಲ್ಲೇ ಇತ್ತು. ಪುಟ್ಟಣ್ಣನವರ ಸಿನಿಮಾ ನೋಡಿದವರು ಕಲ್ಪನಾನ ನೆನೆಸಿಕೊಂಡು ಒಯ್ಯುತ್ತಿದ್ದರು. ನಾನೂ ಮೊದಲು ಓದಿದಾಗ ಅತ್ತೆ. ಕಾವೇರಿಗೆ ಹೀಗೆ ಮಾಡಿದರಲ್ಲ ಅಂತ ಗಂಡನಿಗೆ, ಮನೆಯವರಿಗೆ, ಊರಿಗೆಲ್ಲ ಶಾಪ ಹಾಕಿದೆ. ಅಳು ಬಂದ ಮೇಲೆ ಹಗುರವಾಯಿತು, ನಿದ್ದೆಯೂ ಬಂತು.

ಐದಾರು ವರ್ಷ ಬಿಟ್ಟು ಬೈಂಡಿಂಗ್ ಕಿತ್ತುಹೋಯಿತು ಅಂತ ಹೊಲಿಯಲು ಕೂತವಳು ಹಾಳೆ ಜೋಡಿಸುತ್ತ ಮತ್ತೆ ಓದತೊಡಗಿದೆ. ಈ ಸಲ ಒಂದು ಕಡೆ ಸಿಕ್ಕಿಬಿದ್ದೆ. ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ್ದ ಕಾವೇರಿ ವಾಸಿಯಾಗಿ ಬಂದಿದ್ದಾಳೆ. ವಾಸಿಯಾಗಿದ್ದಾಳೆ ಅಂತ ನನಗೆ ಗೊತ್ತು, ಲೇಖಕಿ ಹೇಳಿದ್ದಾರೆ. ಆದರೂ ಅವಳ ದನಿ ಸ್ವಲ್ಪ ಏರಿದರೆ, ಸ್ವಲ್ಪ ಜಾಸ್ತಿ ಖುಷಿಪಟ್ಟರೆ, ನನ್ನ ಎದೆ ಡವಡವ ಅನ್ನುತ್ತಿತ್ತು. ಬೇಡ ಕಣೆ, ಜೋರಾಗಿ ನಗಬೇಡ ಅಂತ ಒಳಗೊಳಗೇ ಹೇಳುತ್ತಿದ್ದೆ. ಸೂಜಿ ಕೈಯಲ್ಲೇ ನಿಂತಿತು. ಆ ಮನೆಯವರು ಮಾಡುತ್ತಿದ್ದದ್ದೂ ಅದೇ ಅಲ್ಲವೇ? ಅವಳ ನಗುವನ್ನು ಅಳೆಯುವುದು. ಅವರಿಗೆ ಶಾಪ ಹಾಕಿದವಳು ನಾನೂ ಅವರ ಸಾಲಿನಲ್ಲೇ ನಿಂತು ಅವಳನ್ನು ಕಾಯುತ್ತಿದ್ದೆ, ಪ್ರೀತಿಯಿಂದಲೇ ಕಾಯುತ್ತಿದ್ದೆ ಅನ್ನುವುದು ಇನ್ನೂ ಕಷ್ಟದ್ದು. ಆ ರಾತ್ರಿ ಅಳು ಬರಲಿಲ್ಲ. ಮರುದಿನ ಪುಸ್ತಕ ಮೇಜಿನ ಕೆಳಗೆ ಹೋಯಿತು.

ಅದೇ ಪ್ರತಿಯ ತಾರೀಕು ಚೀಟಿಯಲ್ಲಿ ಒಂದೇ ಮೆಂಬರ್ ನಂಬರು ನಾಲ್ಕು ಸಲ ಇತ್ತು. ಹತ್ತಿರದ ಬೀದಿಯ ಹೆಂಗಸು, ಮಾತು ಕಮ್ಮಿ, ತರಕಾರಿ ಚೀಲದ ತಳದಲ್ಲಿಟ್ಟುಕೊಂಡು ಒಯ್ಯುವರು. ಯಾಕೆ ನಾಲ್ಕು ಸಲ ಅಂತ ನಾನು ಕೇಳಲಿಲ್ಲ. ಅದರ ಬಗ್ಗೆ ಇಷ್ಟೇ.

ಈಗ ನಮ್ಮತ್ತೆ ವಿಚಾರ. ಅವರಿಗೆ ಓದು ಬರುತ್ತಿರಲಿಲ್ಲ, ಆದರೆ ಓದಿಸಿ ಕೇಳುವ ಚಟ ಇತ್ತು. ಚಳಿಗಾಲದಲ್ಲಿ ಅವರೆಕಾಯಿ ಸುಲಿಯಲು ಕೂತರೆ, "ಏನಾರ ಓದವ್ವ, ಕೈಗ್ ಬೇಜಾರಾಯ್ತದೆ" ಅನ್ನುವರು. ಒಂದು ಸಂಜೆ ದೇವನೂರ ಮಹಾದೇವರ 'ಒಡಲಾಳ' ಓದಿದೆ. ಕಿರುಕಾದಂಬರಿ ಅನ್ನಿ, ನೀಳ್ಗತೆ ಅನ್ನಿ. ಅದರ ಭಾಷೆ ನಂಜನಗೂಡಿನ ಸೀಮೆಯದು, ಪುಸ್ತಕದಲ್ಲಿ ನೋಡಿ ಓದಿದರೆ ತಡವರಿಸುತ್ತದೆ, ಬಾಯಿಬಿಟ್ಟು ಓದಿದರೆ ತಾನೇ ಹರಿಯುತ್ತದೆ. ಸಾಕವ್ವನ ಮನೆಗೆ ರಾತ್ರಿ ಒಂದು ಮೂಟೆ ಕಡಲೆಕಾಯಿ ಬರುತ್ತದೆ, ಕದ್ದದ್ದು. ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು ತಿನ್ನುತ್ತಾರೆ. ತಿನ್ನುತ್ತಲೇ ಇರುತ್ತಾರೆ. ಜಗಳ ಆಡುತ್ತಿದ್ದವರೂ ಒಂದಾಗುತ್ತಾರೆ, ನಗುತ್ತಾರೆ. ಆ ಪುಟಗಳಲ್ಲಿರುವಷ್ಟು ಸಂಭ್ರಮ ನಮ್ಮ ಸಾಹಿತ್ಯದ ಮದುವೆ ಮನೆಗಳಲ್ಲೂ ನಾನು ಕಂಡಿಲ್ಲ.

ನಾನು ನಗುತ್ತ ಓದುತ್ತಿದ್ದೆ. ಬಾಯಲ್ಲಿ ನೀರೂ ಬಂದಿತ್ತು. ಅತ್ತೆಯ ಕೈ ನಿಂತಿತು.

"ಸಿಪ್ಪೆ ಏನ್ಮಾಡುದ್ರು?" ಅಂದರು.

"ಯಾವ ಸಿಪ್ಪೆ ಅತ್ತೆ?"

"ಕಡ್ಲೆಕಾಯ್ ಸಿಪ್ಪೆ ಕಣವ್ವ. ಬೆಳಿಗ್ಗೆ ಯಾರಾರ ಬಂದ್ರೆ ಸಿಪ್ಪೆ ಇರದಿಲ್ವಾ?"

ನನಗೆ ಅದು ಹೊಳೆದೇ ಇರಲಿಲ್ಲ. ಮುಂದೆ ಓದಿದೆ. ಸಿಪ್ಪೆಯೆಲ್ಲ ಒಲೆಯ ಬೆಂಕಿಗೆ ಹೋಗುತ್ತದೆ. ಅತ್ತೆ "ಹ್ಞೂಂ" ಅಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಬೆಳಿಗ್ಗೆ ಪೊಲೀಸರು ಬರುವ ಭಾಗ ಬಂದಾಗ ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ, ಅವರಿಗೆ ಆ ಬಾಗಿಲು ತಟ್ಟುವ ಸದ್ದು ಮೊದಲೇ ಕೇಳಿಸಿತ್ತು. ನನಗೆ ಹಬ್ಬವಾಗಿ ಕಂಡ ರಾತ್ರಿ ಅವರಿಗೂ ಹಬ್ಬವೇ. ಆದರೆ ಹಬ್ಬ ನಡೆಯುತ್ತಿರುವಾಗಲೇ ಅವರ ಒಂದು ಕಣ್ಣು ಸಿಪ್ಪೆಯ ಮೇಲಿತ್ತು. ಸಾಕವ್ವನ ಕಣ್ಣು ಇದ್ದ ಹಾಗೆ. ನಗುವುದೂ ಹೆದರುವುದೂ ಅವರಿಗೆ ಬೇರೆ ಬೇರೆ ಕೆಲಸ ಆಗಿರಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಿ ಅಭ್ಯಾಸವಿತ್ತು. ಅವರು ಚಿಕ್ಕಂದಿನಲ್ಲಿ ಉಂಡ, ಉಣ್ಣದೇ ಮಲಗಿದ ರಾತ್ರಿಗಳ ಬಗ್ಗೆ ನನಗೆ ಅಲ್ಲಿಯವರೆಗೆ ಏನೂ ಗೊತ್ತಿರಲಿಲ್ಲ. ಅಂದೂ ಅವರು ಹೇಳಲಿಲ್ಲ. ಸಿಪ್ಪೆ ಕೇಳಿದರು, ಅಷ್ಟೇ. ನನ್ನ ನಗು ಮಾತ್ರ ಅರ್ಧಕ್ಕೇ ನಿಂತು, ಮುಂದುವರಿಸಲೂ ಆಗದೆ, ನಿಲ್ಲಿಸಿದ್ದಕ್ಕೆ ಸಮಾಧಾನವೂ ಆಗದೆ, ಉಳಿದದ್ದನ್ನು ಸಪ್ಪೆಯಾಗಿ ಓದಿ ಮುಗಿಸಿದೆ. "ಚೆನ್ನಾಗಿ ಓದ್ತಿದ್ದೆ, ಆಮೇಲ್ಯಾಕೆ ಕೆಡಿಸ್ಬುಟ್ಟೆ?" ಅಂತ ಅತ್ತೆ ಬೈದರು.

(ಮೈಕ್ ಕೈಕೊಟ್ಟದ್ದು ಇಲ್ಲಿ. ಆಗ ಹೇಳಿದ್ದು ಒಂದು ದೂರು.)

ಎಲ್ಲ ಗೊಂದಲಕ್ಕೂ ಕೈ ಮುಗಿಯಬೇಕಾಗಿಲ್ಲ. ವಾರಪತ್ರಿಕೆಯ ಧಾರಾವಾಹಿಯೊಂದರಲ್ಲಿ ಹನ್ನೊಂದನೇ ಕಂತಿನಲ್ಲಿ ತೀರಿಕೊಂಡ ನಾಯಕಿಯ ತಂದೆ ಇಪ್ಪತ್ತಾರನೇ ಕಂತಿನಲ್ಲಿ ಬಂದು ಕಾಫಿ ಕುಡಿದ. ಬೈಂಡ್ ಮಾಡುವಾಗ ನೋಡಿದೆ. ಅದು ಲೇಖಕರ ಅವಸರ, ಕ್ಷಮಿಸಬಹುದು. ನನಗೆ ಸಿಟ್ಟು ಬರುವುದು ಬೇಕಂತಲೇ ಮುಚ್ಚಿಡುವವರ ಮೇಲೆ. ಯಾರು ಯಾರ ಮಗ, ಯಾವ ವರ್ಷ, ಯಾರು ಮಾತಾಡುತ್ತಿದ್ದಾರೆ, ಒಂದೂ ಹೇಳುವುದಿಲ್ಲ. ನೂರು ಪುಟ ಕಷ್ಟಪಟ್ಟು ಕೆದಕಿದರೆ ಒಳಗೆ ಇರುವುದು ಸೀದಾಸಾದಾ ಒಂದು ಪ್ರೇಮಕತೆ. ತೆಂಗಿನಕಾಯಿ ಸುಲಿದು, ಒಡೆದು ನೋಡಿದರೆ ಒಳಗೆ ಇನ್ನೊಂದು ಸಿಪ್ಪೆ. ನನ್ನ ಪರೀಕ್ಷೆ ಇದು: ಪುಸ್ತಕ ಮುಚ್ಚಿದ ಮೇಲೆ ನಾನು ಲೇಖಕರ ಜಾಣತನದ ಬಗ್ಗೆ ಯೋಚನೆ ಮಾಡುತ್ತಿದ್ದರೆ ಅದು ಒಗಟು. ನನ್ನ ಬಗ್ಗೆಯೇ ಅನುಮಾನ ಹುಟ್ಟಿದ್ದರೆ ಮೇಜಿನ ಕೆಳಗೆ ಜಾಗ ಉಂಟು. ಈ ಪರೀಕ್ಷೆ ಎಲ್ಲರಿಗೂ ಒಗ್ಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಮ್ಮ ಮೇಷ್ಟ್ರಿಗೆ ಒಗಟೂ ಇಷ್ಟವಿತ್ತು.

ಲೈಬ್ರರಿ ಮುಚ್ಚಿ ಒಂಬತ್ತು ವರ್ಷದ ಮೇಲೆ, 2013ರಲ್ಲಿ, ವಿವೇಕ ಶಾನಭಾಗರ 'ಘಾಚರ್ ಘೋಚರ್' ಬಂತು. ಮೇಜೂ ಇರಲಿಲ್ಲ, ಮೆಂಬರುಗಳೂ ಇರಲಿಲ್ಲ. ಒಬ್ಬಳೇ ಓದಿದೆ. ಬೆಂಗಳೂರಿನ ಒಂದು ಕುಟುಂಬ. ಮೊದಲು ಬಡತನ, ಇರುವೆ ತುಂಬಿದ ಸಣ್ಣ ಮನೆ. ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈ ಹಿಡಿಯುತ್ತದೆ. ಕತೆ ಹೇಳುವ ಹುಡುಗನ ಹೆಸರು ಸಹ ನಮಗೆ ಗೊತ್ತಿಲ್ಲ. ಎಷ್ಟು ಸಂಭಾವಿತ ಅಂದರೆ ನಮ್ಮ ಮನೆ ಹುಡುಗ ಅನ್ನಿಸುತ್ತಾನೆ. ಆ ಇರುವೆಗಳ ಕಾಟ ನನಗೆ ಗೊತ್ತಿದ್ದದ್ದೇ. ಸಕ್ಕರೆ ಊರಿನಲ್ಲಿ ಸಂಸಾರ ಮಾಡಿದವಳಿಗೆ ಇರುವೆ ಬಗ್ಗೆ ಹೇಳಿಕೊಡಬೇಕೇ? ಅವರು ಇರುವೆ ಕೊಲ್ಲುವಾಗ ನಾನೂ ಹೊಸಕಿದೆ.

ಒಂದು ದಿನ ಆ ಮನೆ ಬಾಗಿಲಿಗೆ ಒಬ್ಬಳು ಹೆಂಗಸು ಬರುತ್ತಾಳೆ. ಚಿಕ್ಕಪ್ಪನಿಗೆ ಅಂತ ಮಸೂರ ಬೇಳೆಯ ಅಡುಗೆ ತಂದಿದ್ದಾಳೆ, ಅವನಿಗೆ ಇಷ್ಟ ಅಂತ. ಚಿಕ್ಕಪ್ಪ ಒಳಗೇ ಇದ್ದಾನೆ, ಹೊರಗೆ ಬರುವುದಿಲ್ಲ. ಮನೆಯ ಹೆಂಗಸರು ಅವಳ ಮೇಲೆ ಬೀಳುತ್ತಾರೆ, ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ. ತಂದದ್ದು ಬೀದಿಪಾಲಾಗುತ್ತದೆ. ನಮ್ಮ ಸಂಭಾವಿತ ಹುಡುಗ ನೋಡುತ್ತಾನೆ. ನೋಡುತ್ತಾನೆ, ಅಷ್ಟೇ.

ಇಲ್ಲಿ ನನಗಾದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆ ಹೆಂಗಸು ಬಂದಾಗ ನನಗೆ ಮೊದಲು ಬಂದದ್ದು ಕನಿಕರವಲ್ಲ. ಇವಳ್ಯಾಕಪ್ಪ ಈಗ ಬಂದಳು, ಹೋದರೆ ಸಾಕು ಅಂತ ಬಂತು. ಅಷ್ಟು ಹೊತ್ತಿಗೆ ನಾನು ಆ ಮನೆಯ ಸೋಫಾ ಮೇಲೆ ಕಾಲು ಮಡಚಿ ಕೂತಿದ್ದೆ. ಅವರ ಕಾಫಿ ಕುಡಿದಿದ್ದೆ. ಅವಳನ್ನು ಓಡಿಸಿದ ಮೇಲೆ, ಎರಡು ಪುಟ ದಾಟಿದ ಮೇಲೆ, ಕನಿಕರ ಬಂತು. ತಡವಾಗಿ ಬಂದ ಕನಿಕರಕ್ಕೆ ಎಷ್ಟು ಬೆಲೆ? ಅಲ್ಲಿಂದಾಚೆ ಅವನ ಹೆಂಡತಿ ಅನಿತಾ ಊರಿನಿಂದ ವಾಪಸು ಬರುವ ದಾರಿ ಕಾಯುವಾಗ ನನಗೆ ಉಸಿರು ಕಟ್ಟತೊಡಗಿತು, ಏಕೆಂದರೆ ಅವಳಿಗೆ ಏನಾದರೂ ಆಗಿದ್ದರೆ ನಾನು ಯಾವ ಕಡೆ ಕೂತಿರುತ್ತೇನೆ ಅಂತ ಈಗ ನನಗೆ ಗೊತ್ತಿತ್ತು. ಏನಾಯಿತು ಅಂತ ಪುಸ್ತಕ ಹೇಳುವುದಿಲ್ಲ. ಕಾಫಿ ಹೌಸಿನಲ್ಲಿ ಗ್ಲಾಸು ಒಡೆಯುತ್ತದೆ, ಕೈಗೆ ರಕ್ತ ಅಂಟಿದೆ ತೊಳೆದುಕೊಳ್ಳಿ ಅಂತ ವೇಟರ್ ವಿನ್ಸೆಂಟ್ ಹೇಳುತ್ತಾನೆ. ಮುಗಿಯಿತು. ನಮ್ಮ ಗೌಡರಿಗೆ ಕೊಟ್ಟಿದ್ದರೆ ಮತ್ತೆ ಎಂಟಾಣೆ ಕೇಳುತ್ತಿದ್ದರು. ನಾನು ಓದಿ ಮುಗಿಸಿ ಎದ್ದು ಹೋಗಿ ಕೈ ತೊಳೆದುಕೊಂಡೆ. ಹುಚ್ಚು ಅನ್ನಿ. ತೊಳೆದದ್ದಂತೂ ನಿಜ.

ಕೊನೆಯದಾಗಿ ಈ ಪುಸ್ತಕ. ಇದನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದೇನೆ, ನೀವು ಆಮೇಲೆ ನೋಡಬಹುದು. ಭೈರಪ್ಪನವರ 'ವಂಶವೃಕ್ಷ'. 'ಸಂಸ್ಕಾರ' ಬಂದ ವರ್ಷವೇ ಬಂದದ್ದು, 1965. ಇದು ನನ್ನ ಲೈಬ್ರರಿಯ ಪ್ರತಿ, ಮೂರು ಸಲ ಬೈಂಡ್ ಆಗಿದೆ. ಲೈಬ್ರರಿ ಮುಚ್ಚಿದಾಗ ಉಳಿದದ್ದನ್ನೆಲ್ಲ ತೂಕಕ್ಕೆ, ದಾನಕ್ಕೆ ಕೊಟ್ಟೆ. ಇದನ್ನು ಇಟ್ಟುಕೊಂಡದ್ದು ಅದರ ಕತೆಗಾಗಿ ಅಲ್ಲ, ಅಂಚಿನಲ್ಲಿ ಜನ ಬರೆದದ್ದಕ್ಕಾಗಿ. ಪುಸ್ತಕದಲ್ಲಿ ಗೀಚಿದರೆ ಎಂಟಾಣೆ ದಂಡ ಅಂತ ಬೋರ್ಡ್ ಹಾಕಿದ್ದೆ. ಯಾರೂ ಕೇಳಲಿಲ್ಲ.

ಕತೆ ನಿಮಗೆ ಗೊತ್ತು. ನಂಜನಗೂಡು, ಕಪಿಲಾ ಹೊಳೆ, ಶ್ರೀನಿವಾಸ ಶ್ರೋತ್ರಿಗಳ ಮನೆ. ಮಗ ಹೊಳೆಪಾಲಾಗಿದ್ದಾನೆ. ವಿಧವೆ ಸೊಸೆ ಕಾತ್ಯಾಯನಿ ರೈಲಿನಲ್ಲಿ ಮೈಸೂರಿಗೆ ಹೋಗಿ ಕಾಲೇಜು ಓದುತ್ತಾಳೆ, ರಾಜ ಅನ್ನುವವನನ್ನು ಮೆಚ್ಚುತ್ತಾಳೆ, ಮದುವೆಯಾಗುತ್ತಾಳೆ. ಮಗುವನ್ನು ಶ್ರೋತ್ರಿಗಳ ಮನೆಯಲ್ಲೇ ಬಿಟ್ಟು ಹೋಗುತ್ತಾಳೆ. ಆಮೇಲೆ ಅವಳಿಗೆ ಗರ್ಭ ನಿಲ್ಲುವುದಿಲ್ಲ. ಲೇಖಕರು ಅವಳಿಗೆ ಶಿಕ್ಷೆ ಕೊಟ್ಟರೋ, ಅವಳ ಸಂಕಟವನ್ನು ಬರೆದರೋ ಅಂತ ಐವತ್ತು ಅರವತ್ತು ವರ್ಷದಿಂದ ಜನ ಜಗಳ ಆಡುತ್ತಲೇ ಇದ್ದಾರೆ. ನನಗೆ ಇಪ್ಪತ್ತೆರಡರಲ್ಲಿ ಕಾತ್ಯಾಯನಿಯೇ ಸರಿ. ಶ್ರೋತ್ರಿಗಳ ದೊಡ್ಡತನ ಕಂಡರೆ ಮೈ ಉರಿಯುತ್ತಿತ್ತು, ಬೈಯದೇ ಬಿಡುವವರ ಮುಂದೆ ಉಸಿರಾಡುವುದು ಎಷ್ಟು ಕಷ್ಟ ಅಂತ. ಈಗ ಅರವತ್ತು ದಾಟಿದ ಮೇಲೆ ಓದಿದರೆ ಕಾಣುವುದು ಬೇರೆ. ಆ ವಯಸ್ಸಿನಲ್ಲಿ ಸಣ್ಣ ಮಗುವಿನ ಹಿಂದೆ ಓಡುವ ಮುದುಕರ ಮಂಡಿ ನೋವು ಕಾಣುತ್ತದೆ. ಪುಸ್ತಕದಲ್ಲಿ ಮಂಡಿ ನೋವು ಇಲ್ಲ, ನನ್ನದು.

ಅವಳು ಮನೆ ಬಿಡುವ ಭಾಗದ ಪುಟದ ಅಂಚಿನಲ್ಲಿ, ನೀಲಿ ಪೆನ್ನಿನಲ್ಲಿ, ಚಂದದ ಅಕ್ಷರದಲ್ಲಿ ಯಾರೋ ಬರೆದಿದ್ದಾರೆ: "ಸರಿಯಾದ ಕೆಲಸ ಮಾಡಿದೆ ತಾಯಿ." ಅದರ ಕೆಳಗೆ ಪೆನ್ಸಿಲಿನಲ್ಲಿ ಒಂದೇ ಪದ: "ಮಗು?" ಅದರ ಕೆಳಗೆ ಕೆಂಪು ಇಂಕಿನಲ್ಲಿ, ಮೇಷ್ಟ್ರೇ ಇರಬೇಕು, "ನೀವು ಯಾರ್ರೀ ಕೇಳೋದಕ್ಕೆ?" ಪಕ್ಕದಲ್ಲಿ ಇನ್ಯಾರೋ ಅಡ್ಡಡ್ಡ, "ಶ್ರೋತ್ರಿ ದೇವರು", ಅದನ್ನು ಹೊಡೆದುಹಾಕಿ "ದೇವರೇ ಹೀಗಾದರೆ ಕಷ್ಟ". ಅಂಚಿನ ಜಾಗ ಸಾಲದೆ ಸಾಲುಗಳ ನಡುವೆಯೂ ನುಗ್ಗಿದ್ದಾರೆ.

ಆ "ಮಗು?" ಬರೆದವರ ಮೇಲೆ ನನಗೆ ವರ್ಷಗಟ್ಟಲೆ ಸಿಟ್ಟಿತ್ತು. ಒಬ್ಬಳು ಹೆಂಗಸು ಅಷ್ಟು ಕಷ್ಟದಿಂದ ಹೊಸಿಲು ದಾಟುತ್ತಿದ್ದರೆ ಹಿಂದಿನಿಂದ ಸೆರಗು ಹಿಡಿದು ಜಗ್ಗಿದ ಹಾಗಿದೆ ಆ ಒಂದು ಪದ. ಯಾವಳೋ ಅತ್ತೆ ಸ್ವಭಾವದವಳು ಅಂತ ಅಂದುಕೊಂಡಿದ್ದೆ. ಲೈಬ್ರರಿ ಮುಚ್ಚುವ ದಿನ ಲೆಕ್ಕದ ಹಳೇ ಪುಸ್ತಕಗಳನ್ನೆಲ್ಲ ಹರಡಿಕೊಂಡು ಕೂತಿದ್ದೆ. 1985ರ ಬಾಡಿಗೆ ಪುಸ್ತಕ ಒಂದು ಕಡೆ ತೆರೆದಿತ್ತು, 'ವಂಶವೃಕ್ಷ' ಅದರ ಪಕ್ಕದಲ್ಲಿ. ನಾನು ಆ ಕಾಲದಲ್ಲಿ 'ಗ'ಕ್ಕೆ ಕೊಂಬು ಕೊಡುವಾಗ ಬಾಲವನ್ನು ಸಾಲಿನ ಕೆಳಗೆ ಎಳೆದು ಗಂಟು ಹಾಕುತ್ತಿದ್ದೆ. ಆಮೇಲೆ ಯಾವಾಗಲೋ ಬಿಟ್ಟೆ. ಲೆಕ್ಕದ ಪುಸ್ತಕದಲ್ಲಿ "ಜಗು ಬಾಕಿ" ಅಂತ ಇತ್ತು, ಯಾರೋ ಜಗದಾಂಬನ ಬಾಕಿ. ಅದೇ ಕೊಂಬು, ಅದೇ ಗಂಟು.

ಬರೆದದ್ದು ನೆನಪಿಲ್ಲ. ಈಗಲೂ ಇಲ್ಲ. ಆದರೆ 1985 ನೆನಪಿದೆ. ಲೈಬ್ರರಿ ನಡೆಸಲೇಬೇಕು ಅಂತ ಹಟ ಹಿಡಿದು, ಮನೆಯಲ್ಲಿ ಎರಡು ಕಡೆ ನೋಡಿಕೊಳ್ಳಲಾಗದೆ, ಎರಡು ವರ್ಷದ ಮಗನನ್ನು ಪಾಂಡವಪುರದಲ್ಲಿ ಅಮ್ಮನ ಹತ್ತಿರ ಬಿಟ್ಟಿದ್ದೆ. ಒಂದೂವರೆ ವರ್ಷ. ಭಾನುವಾರ ಹೋಗಿ ಬರುತ್ತಿದ್ದೆ. ಹೊರಡುವಾಗ ಅಳದಿರಲಿ ಅಂತ ಹಿತ್ತಲ ಬಾಗಿಲಿನಿಂದ ಹೊರಡುತ್ತಿದ್ದೆ.

ಸಭೆಯಲ್ಲಿ ಇಷ್ಟಕ್ಕೆ ನಿಲ್ಲಿಸಿದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು. "ಮೇಡಂ, ಹಾಗಾದ್ರೆ ಕಾತ್ಯಾಯನಿ ಮಾಡಿದ್ದು ಸರಿಯೋ ತಪ್ಪೋ? ಒಂದು ಮಾತಲ್ಲಿ ಹೇಳಿ."

ಸರಿ ಅಂದೆ. ಇಪ್ಪತ್ತೆರಡರಲ್ಲಿ ಹೇಳಿದ್ದಕ್ಕಿಂತ ಜೋರಾಗಿಯೇ ಹೇಳಿದೆ. ಅವರು ಕೂತರು. ಮುಂದಿನ ಸಾಲಿನ ಹುಡುಗಿ ಪುಸ್ತಕ ಇಸ್ಕೊಂಡು ಆ ಪುಟ ಹುಡುಕಿ, ಪೆನ್ಸಿಲಿನ ಗುರುತಿನ ಮೇಲೆ ಬೆರಳಾಡಿಸಿ, "ಆಂಟಿ, ಇದನ್ನ ನಿಮ್ಮ ಮಗ ಓದಿದಾರಾ?" ಅಂತ ಕೇಳಿದಳು.

ಇಲ್ಲ. ಅವನು ಓದಿಲ್ಲ. ಓದು ಅಂತ ನಾನೂ ಹೇಳಿಲ್ಲ.